ಶೇಂಗಾ ನಮ್ಮ ಮನೆ ನೋಡಲು ಬಂದ ವಾರ

ಫೆಬ್ರವರಿ 30, 2187
ಮೂವತ್ತೆಂಟನೇ ಓಣಿ, ಹುಬ್ಬಳ್ಳಿ

ಪ್ರೀತಿಯ ಶೈಲಜಾ ಅಜ್ಜಿಗೆ, ನಿನ್ನ ಮರಿಮಗಳ ಮಗಳು ಮುಕ್ತಾ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡ. ಫೆಬ್ರವರಿಗೆ ಅನ್ಯಾಯವಾಗಿದೆ ಎಂದು ಯಾರೋ ಹಟ ಹಿಡಿದು, ನಮ್ಮ ಕಾಲದಲ್ಲಿ ಅದಕ್ಕೂ ಮೂವತ್ತು ದಿನ ಕೊಡಿಸಿದ್ದಾರೆ. ಈ ಕಾಗದ ಹಿಂದಕ್ಕೆ ಹೇಗೆ ಬರುತ್ತದೆ ಎಂದೂ ಕೇಳಬೇಡ; ನಾನು ಕೇಳಿದ್ದಕ್ಕೆ ಅಂಚೆಯವರು ನನ್ನ ಮೇಲೆಯೇ ಸಿಡುಕಿದರು. ನನ್ನ ಕೆಲವು ಮಾತು ನಿನಗೆ ವಿಚಿತ್ರ ಅನ್ನಿಸಿದರೆ ಕ್ಷಮಿಸು. ನನಗೆ ಅರವತ್ತೊಂದು, ನಿನಗೆ ಈಗಷ್ಟೇ ಮೂವತ್ತು ದಾಟಿದೆ. ಆದರೂ ಅಜ್ಜಿ ಎಂದರೆ ಅಜ್ಜಿಯೇ, ಮತ್ತು ನಮ್ಮ ಮನೆಯಲ್ಲಿ ಅಜ್ಜಿಯಂದಿರಿಗೆ ಬಹುವಚನ ಹಚ್ಚುವ ರೂಢಿಯಿಲ್ಲ.

ನಿನ್ನ ಒಂದು ನೋಟ್‌ಬುಕ್ ನಮ್ಮಲ್ಲಿ ಉಳಿದಿದೆ. ಅದರ ಒಂದು ಪುಟದ ಮೇಲೆ 'ಫ್ಲಾಟಿಗೆ ಸಮಾಧಾನದ ಸಣ್ಣ ನಾಯಿ' ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೀಯ. ಪಾಮೇರಿಯನ್ ಎದುರಿಗೆ 'ಬಾಯಿ ಜಾಸ್ತಿ'. ಪಗ್ ಎದುರಿಗೆ 'ಪಾಪ, ಉಸಿರಾಡೋಕೇ ಕಷ್ಟ'. ಶಿಟ್ಜು ಎದುರಿಗೆ 'ಕೂದಲು ಬಾಚೋರು ಯಾರು?' ಕೊನೆಯ ಸಾಲು ಹೀಗಿದೆ: 'ನಮ್ಮ ಮನೆಯಲ್ಲೇ ಇಷ್ಟು ಗದ್ದಲ. ಅತ್ತೆಯ ಟಿವಿ, ಮಗನ ಅಳು. ಸಮಾಧಾನದ ನಾಯಿ ಇಲ್ಲಿ ಬಾಳೀತೇ?' ಅಲ್ಲಿಗೆ ಬರವಣಿಗೆ ನಿಂತಿದೆ. ನೀನು ನಾಯಿ ತಂದೆಯೋ ಇಲ್ಲವೋ ನಮಗೆ ಗೊತ್ತಿಲ್ಲ. ಆದರೆ ಆ ಪ್ರಶ್ನೆಗೆ ಉತ್ತರ ನನಗೆ ಗೊತ್ತು, ಸುಮ್ಮನೆ ಗೊತ್ತಾದದ್ದಲ್ಲ, ಪೆಟ್ಟು ತಿಂದು ಗೊತ್ತಾದದ್ದು.

ಮೊದಲು ನಮ್ಮ ಮನೆಯ ಪರಿಚಯ. ನಮ್ಮ ಕಟ್ಟಡಕ್ಕೆ ಐವತ್ತೆರಡು ಮಹಡಿ. ಮಹಡಿಗೆ ನಾವು ಓಣಿ ಎನ್ನುತ್ತೇವೆ, ಲಿಫ್ಟಿಗೆ ತೊಟ್ಟಿಲು. ಹತ್ತಿದವರನ್ನು ಅದು ಅಷ್ಟು ತೂಗುತ್ತದೆ. ಆರು ಓಣಿಗೊಂದು ಹುಲ್ಲಿನ ಅಂಗಳ, ಅಲ್ಲಿ ಬೆಳಿಗ್ಗೆ ಮುದುಕರೂ ನಾಯಿಗಳೂ ಬಿಸಿಲು ಕಾಯಿಸುತ್ತಾರೆ. ಗೋಡೆಗಳು ಜೋಳದ ದಂಟನ್ನು ಒತ್ತಿ ಮಾಡಿದವು, ತಂಪು ಹೌದು, ತೆಳುವೂ ಹೌದು. ಪಕ್ಕದ ಮನೆಯವರು ರೊಟ್ಟಿ ಬಡಿದರೆ ಎಷ್ಟು ಬಡಿದರೆಂದು ಇಲ್ಲಿಂದಲೇ ಹೇಳಬಹುದು. ಹೀಗಾಗಿ ನಾಯಿ ಸಾಕುವುದಕ್ಕೆ ನಿಯಮ ಬಿಗಿ. ನಿಮ್ಮ ಹಾಗೆ ನಾವು ಹೋಗಿ ನಾಯಿಯನ್ನು ಆರಿಸುವುದಿಲ್ಲ, ನಾಯಿಯೇ ಮನೆ ನೋಡಲು ಬರುತ್ತದೆ. ಕನ್ಯೆಯ ಕಡೆಯವರಂತೆ ಏಳು ದಿನ ನಮ್ಮಲ್ಲಿದ್ದು, ನಮ್ಮ ನಡೆನುಡಿ ನೋಡಿ, ಎಂಟನೆಯ ದಿನ ಉತ್ತರ ಕೊಡುತ್ತದೆ. ಕರೆದುಕೊಂಡು ಬರುವವರಿಗೆ ನಂಟುಗಾತಿ ಎಂದು ಹೆಸರು. ಎಂಟನೆಯ ಬೆಳಿಗ್ಗೆ ಆಕೆ ಬಾಗಿಲು ತೆರೆದು ಹೊರಗೆ ನಿಲ್ಲುತ್ತಾಳೆ. ನಾಯಿ ಹೊಸ್ತಿಲು ದಾಟಿ ಆಕೆಯ ಹತ್ತಿರ ಹೋದರೆ ಸಂಬಂಧ ಮುರಿದಂತೆ. ಆ ಹೊತ್ತಿನಲ್ಲಿ ಮನೆಯವರು ಅದನ್ನು ಕರೆಯುವಂತಿಲ್ಲ. ಒಮ್ಮೆ ಮುರಿದರೆ ಮೂರು ವರ್ಷ ಮತ್ತೆ ಅರ್ಜಿ ಹಾಕುವಂತಿಲ್ಲ.

ನಾಯಿ ಬೇಕೆಂದವಳು ನನ್ನ ಅವ್ವ, ಸಂಗವ್ವ. ನೀನು ಈಗ ಕಂಕುಳಲ್ಲಿ ಎತ್ತಿಕೊಂಡು ತಿರುಗುವ ಮಗನ ಮೊಮ್ಮಗಳು ಅವಳು. ಸಂತೆಯ ಮಾಳಿಗೆಯಲ್ಲಿ ಮೂವತ್ತು ವರ್ಷ ಕೂಗಿ ಕೂಗಿ ಉಳ್ಳಾಗಡ್ಡಿ ಮಾರಿದವಳು. ಅವಳು ಗುಟ್ಟು ಹೇಳಿದರೆ ನಾಲ್ಕು ಓಣಿಗೆ ಕೇಳುತ್ತಿತ್ತು. ಎಂಬತ್ತನಾಲ್ಕಕ್ಕೆ ಕಾಲು ಸೋತು ಅಂಗಳಕ್ಕೂ ಇಳಿಯಲಾರದೆ ಮಂಚ ಹಿಡಿದಳು. ನಾನೂ ನನ್ನ ಗಂಡ ಫಕೀರಪ್ಪನೂ ಕೆಲಸಕ್ಕೆ ಹೋದರೆ ಇಡೀ ಹಗಲು ಅವಳೊಬ್ಬಳೇ. ಮಾತಾಡಿಯೇ ಬದುಕಿದವಳಿಗೆ ಮಾತಾಡಿಸಲು ಇನ್ನೊಂದು ಜೀವವಿಲ್ಲ. ದಿನದಿನಕ್ಕೆ ಬಾಡುತ್ತಿದ್ದಳು. ಎಂಬತ್ತನಾಲ್ಕಕ್ಕೆ ಮೂರು ವರ್ಷ ಕಾಯಿರಿ ಎನ್ನಿಸಿಕೊಳ್ಳುವುದು ಎಂದರೇನು ಎಂದು ನಿನಗೆ ಬಿಡಿಸಿ ಹೇಳಬೇಕಿಲ್ಲ.

ಆದ್ದರಿಂದ ನಾನು ಜಾಣತನ ಮಾಡಿದೆ. ಸಮಾಧಾನದ ನಾಯಿ ಬರುತ್ತಿದೆ ಎಂದರೆ ಮನೆಯೂ ಸಮಾಧಾನವಾಗಿ ಕಾಣಬೇಕಲ್ಲವೇ? ಕುರ್ಚಿಯ ಕಾಲಿಗೆ ಬಟ್ಟೆ ಕಟ್ಟಿದೆ. ಮಿಕ್ಸರ್ ಹಚ್ಚಲಿಲ್ಲ, ಏಳು ದಿನ ಚಟ್ನಿಯಿಲ್ಲದೆ ಉಂಡೆವು. ಫಕೀರಪ್ಪ ಸೀನು ಬಂದರೆ ಬಚ್ಚಲಿಗೆ ಓಡಿ ತಲೆದಿಂಬಿನಲ್ಲಿ ಮುಖ ಹುದುಗಿಸುತ್ತಿದ್ದ. ಅವ್ವನ ಕೈ ಹಿಡಿದು ಏಳೇ ದಿನ ಸುಮ್ಮನಿರು ಎಂದು ಬೇಡಿಕೊಂಡೆ. "ನಾಯಿ ಬರ್ತೈತಿ ಅಂದ್ರ ಏಳು ದಿನ ಏನವಾ, ವರ್ಷಗಟ್ಲೆ ಬಾಯಿ ಮುಚಗೊಂಡ ಕುಂದರತೇನಿ" ಅಂದಳು, ಹಾಗೆಯೇ ಕುಳಿತಳು.

ನಂಟುಗಾತಿ ಫರ್ಜಾನಾ ನದಾಫ್ ಕರೆತಂದದ್ದು ಒಂದು ಹೊಸ್ತಿಲ ನಾಯಿಯನ್ನು. ನಿನ್ನ ಪಟ್ಟಿಯಲ್ಲಿ ಆ ತಳಿ ಇಲ್ಲ. ಮೂಗು ಚಪ್ಪಟೆಯಾಗಿ ಏದುಸಿರು ಬಿಡುವ ಜೀವವನ್ನು ಮುದ್ದು ಎಂದು ಸಾಕುವುದು ನಮ್ಮವರಿಗೆ ನಾಚಿಕೆಯಾಗಿ, ಪಗ್ ಜಾತಿಯನ್ನು ಬೀದಿನಾಯಿಗಳ ಜೊತೆ ಕೂಡಿಸುತ್ತ ಬಂದರು. ಹಾಗೆ ಹುಟ್ಟಿದ ತಳಿ ಇದು: ಗಿಡ್ಡ ಕಾಲು, ಉದ್ದ ಮೂಗು, ಹೊಸ್ತಿಲ ಮೇಲೆ ಗದ್ದ ಇಟ್ಟು ಮಲಗುವ ಚಾಳಿ. ಇವನದು ಹುರಿದ ಶೇಂಗಾದ ಬಣ್ಣ, ಹೆಸರೂ ಶೇಂಗಾ. ಮೊದಲ ದಿನ ಮನೆಯೆಲ್ಲ ಮೂಸಿ ಮಂಚದ ಕೆಳಗೆ ಹೋದ. ಎರಡನೆಯ ದಿನ ಅರ್ಧ ತಿಂದು ಬಿಟ್ಟ. ನಾಲ್ಕನೆಯ ದಿನ ಚಮಚ ಕೆಳಗೆ ಬಿದ್ದದ್ದಕ್ಕೆ ಮೈಯೆಲ್ಲ ನಡುಗಿದ. ಇಷ್ಟು ಸದ್ದೂ ಅವನಿಗೆ ಹೆಚ್ಚಾಯಿತೆಂದು ನಾನು ಚಮಚಗಳನ್ನೂ ಎತ್ತಿಟ್ಟೆ. ಆರನೆಯ ದಿನದಿಂದ ಮುಂಬಾಗಿಲಿಗೆ ಮುಖ ಮಾಡಿ ಕುಳಿತುಬಿಟ್ಟ. ಅವ್ವ ಮಂಚದ ಮೇಲಿಂದ ಅವನ ಬೆನ್ನನ್ನೇ ನೋಡುತ್ತಿದ್ದಳು, ತುಟಿ ಪಿಟಕ್ಕೆನ್ನಲಿಲ್ಲ. ನನಗೆ ಆಗಲೂ ಬುದ್ಧಿ ಬರಲಿಲ್ಲ ಅಜ್ಜಿ.

ಎಂಟನೆಯ ಬೆಳಿಗ್ಗೆ ಫರ್ಜಾನಾ ಬಾಗಿಲು ತೆರೆದು ಹೊರಗೆ ನಿಂತಳು. ಶೇಂಗಾ ತಡಮಾಡದೆ ಎದ್ದು ಮೈ ಕೊಡವಿ ಹೊರಟ. ಮುಂಗಾಲು ಹೊಸ್ತಿಲ ಮೇಲೆ ಬಿದ್ದಿತು. ಆಗ ಅವ್ವನ ಏಳು ದಿನದ ಕಟ್ಟು ಒಡೆಯಿತು.

"ಹೋಗೋದಿದ್ರ ಹೋಗಪಾ, ಯಾರು ಬ್ಯಾಡ ಅಂದಾರ! ಆದರ ಉಂಡು ಹೋಗು! ಏಳು ದಿನ ಆತು, ಒಂದು ತುತ್ತು ನೆಟ್ಟಗ ತಿಂದಿಲ್ಲ ನೀ. ನಾಳೆ ನಾಕ ಮಂದಿ ಕೇಳಿದ್ರ ಏನಂತಿ? ಸಂಗವ್ವನ ಮನ್ಯಾಗ ಉಪಾಸ ಕೆಡವಿದ್ರು ಅಂತೀ ಏನು?"

ಗೋಡೆ ಅದುರಿತು. ಪಕ್ಕದ ಮನೆಯ ರೊಟ್ಟಿ ಬಡಿತ ನಿಂತಿತು. ಮುಗಿಯಿತು ಎಂದು ನಾನು ಕಣ್ಣು ಮುಚ್ಚಿಕೊಂಡೆ. ಬಿಟ್ಟು ನೋಡಿದಾಗ ಶೇಂಗಾ ಹೊಸ್ತಿಲಲ್ಲೇ ನಿಂತು, ಒಂದು ಕಿವಿ ಎತ್ತಿ ಹಿಂದಕ್ಕೆ ನೋಡುತ್ತಿದ್ದ. ಅವ್ವನಿಗೆ ಇನ್ನು ತಡೆಯೆಲ್ಲಿ? ಅವನ ಸೊರಗಿದ ಪಕ್ಕೆಲುಬನ್ನೂ, ನನ್ನ ಜಾಣತನವನ್ನೂ, ಚಟ್ನಿಯಿಲ್ಲದ ಊಟವನ್ನೂ ಒಂದೇ ಉಸಿರಿಗೆ ಬೈದಳು. ಅವನು ನಿಧಾನ ತಿರುಗಿ ಬಂದು, ಮಂಚದಿಂದ ಇಳಿಬಿದ್ದ ಅವಳ ಪಾದದ ಮೇಲೆ ಗದ್ದವಿಟ್ಟು, ಬೈಗುಳ ನಡೆಯುತ್ತಿರುವಾಗಲೇ ನಿದ್ದೆಹೋದ.

ನಾನು ಅಳುತ್ತ ಫರ್ಜಾನಾಳ ಕೈ ಹಿಡಿದೆ, ನಿಯಮ ಮುರಿಯಿತಲ್ಲ ಎಂದೆ. ಆಕೆ ಗಂಭೀರವಾಗಿ ಹೇಳಿದಳು: "ಅಜ್ಜಿ ಎಲ್ಲಿ ಕರದಾರ್ರೀ ಅಕ್ಕಾರ? ಹೋಗು ಅಂದಾರ. ಹೋಗಾಕ ನಾಯೀನ ಒಪ್ಪಿಲ್ಲ." ಆಮೇಲೆ ಚಹಾ ಕುಡಿಯುತ್ತ ತಿಳಿಸಿ ಹೇಳಿದಳು. ಮನೆಯಲ್ಲಿ ಜನರಿದ್ದೂ ಸದ್ದಿಲ್ಲ ಎಂದರೆ ನಾಯಿಗೆ ಅದು ನೆಮ್ಮದಿಯಲ್ಲ, ಏನೋ ಆಗಲಿದೆ ಎಂಬ ಭಯ. ಎಲ್ಲರೂ ಉಸಿರು ಬಿಗಿಹಿಡಿದು ಕುಳಿತಲ್ಲಿ ಅದು ಹೇಗೆ ಮಲಗಬೇಕು?

ಆದ್ದರಿಂದ ನನ್ನದೊಂದು ಕೋರಿಕೆ. ಉಸಿರಾಟ ಸಲೀಸಾಗಿರುವ, ಬಿಸಿಲು ತಡೆಯುವ ಯಾವ ಸಣ್ಣ ತಳಿಯಾದರೂ ಸರಿ. ಆದರೆ ಮರಿ ನೋಡಲು ಒಬ್ಬಳೇ ಹೋಗಬೇಡ. ಅತ್ತೆಯನ್ನೂ ಅಳುವ ಮಗನನ್ನೂ ಕರೆದುಕೊಂಡು ಹೋಗು. ಅವರು ಎಂದಿನಂತೆ ಗದ್ದಲ ಮಾಡಲಿ, ನೀನು ಸುಮ್ಮನಿರಿಸಬೇಡ. ಆ ಗದ್ದಲದಲ್ಲೂ ಯಾವ ಮರಿ ಆಕಳಿಸಿ ಮಲಗುತ್ತದೋ ಅದನ್ನು ಎತ್ತಿಕೊಂಡು ಬಾ.

ಈ ಕಾಗದ ಇವತ್ತೇ ಬರೆಯಲು ಕಾರಣವಿದೆ. ಅಂದು ಶೇಂಗಾ ಹೊಸ್ತಿಲು ದಾಟಿದ್ದರೆ, ನಾವು ಮತ್ತೆ ಅರ್ಜಿ ಹಾಕಬಹುದಾಗಿದ್ದ ಮೊದಲ ದಿನ ಇವತ್ತು. ಅವ್ವ ಹೋಗಿ ಎಂಟು ತಿಂಗಳಾಯಿತು. ಎರಡು ವರ್ಷ ನಾಲ್ಕು ತಿಂಗಳು ಅವನಿಗೆ ಅವಳು ಊರ ಸುದ್ದಿಯೆಲ್ಲ ಹೇಳಿದಳು, ಕೊನೆಯ ಮಧ್ಯಾಹ್ನದವರೆಗೂ.

ನನ್ನದು ಸಣ್ಣ ದನಿ. ಈಗ ಅದನ್ನೇ ಎತ್ತರಿಸಿ, ಬಾಯಿಗೆ ಬಂದದ್ದನ್ನೆಲ್ಲ ದಿನವೂ ಅವನಿಗೆ ಹೇಳುತ್ತೇನೆ. ಅವ್ವನಷ್ಟು ಬರುವುದಿಲ್ಲ, ಆದರೂ ಮಲಗುತ್ತಾನೆ. ಕಾಗದ ಬರೆಯುತ್ತ ಒಂದು ಗಂಟೆ ಸುಮ್ಮನೆ ಕುಳಿತುಬಿಟ್ಟೆ ನೋಡು, ಎದ್ದು ಬಂದು ನನ್ನ ಮುಖವನ್ನೇ ನೋಡುತ್ತಿದ್ದಾನೆ. ಇಲ್ಲಿ ಬರೆದದ್ದು ಅವನಿಗೆ ಕೇಳಿಸುವುದಿಲ್ಲ. ಹೋಗಿ ಮಾತಾಡಬೇಕು. ಬರುತ್ತೇನೆ ಅಜ್ಜಿ.

ನಿನ್ನ,
ಮುಕ್ತಾ