ಯಾರಿಗೆ ಯಾರು ಆಸರೆ

ರೀ, ಇವತ್ತು ಉಪವಾಸ. ಅಂಗಳ ಗುಡಿಸಿ, ದೇವರಿಗೆ ದೀಪ ಹಚ್ಚಿ, ಕಾರ್ಮಿಕರ ಪರಿಹಾರದ ಕಚೇರಿಗೆ ಹೋಗಿದ್ದೆ. ಹಸಿದ ಕಣ್ಣಿಗೆ ಅಲ್ಲಿನ ಫ್ಯಾನಿನ ನೆರಳು ನೀವು ದುಡಿಯುತ್ತಿದ್ದ ಗಿರಣಿಯ ಚಕ್ರದಂತೆ ತಿರುಗುತ್ತಿತ್ತು.

"ತೀರಿಹೋದ ಗಂಡನ ಆಸರೇಲೇ ಇದ್ರಾ?" ಎಂದರು ಅಧಿಕಾರಿ.

"ಎಲ್ಲಿಯ ಆಸರೆ ಸ್ವಾಮಿ? ಕಣ್ಣೆದುರಿಗಿದ್ದ ಟವೆಲ್ಲೂ ನಾನೇ ಕೊಡ್ಬೇಕಿತ್ತು" ಎಂದುಬಿಟ್ಟೆ.

ಅವರು ಪೆನ್ನು ಕೆಳಗಿಟ್ಟರು. "ಹಾಗಂದ್ರೆ ಪರಿಹಾರ ಸಿಗಲ್ಲಮ್ಮ. ಅವರನ್ನೇ ನಂಬಿಕೊಂಡಿದ್ದವರಿಗೆ ಮಾತ್ರ ಕೊಡೋದು. ಯೋಚನೆ ಮಾಡಿ, ನಾಳೆ ಬಂದು ಹೇಳಿ."

ನಿದ್ದೆಯಲ್ಲಿ ನಡೆದಂತೆ ಮನೆಗೆ ಬಂದೆ. ನೋಡಿದರೆ ನಿಮ್ಮ ಟವೆಲ್ ಹಿಡಿದು ಬಚ್ಚಲ ಬಾಗಿಲಲ್ಲಿ ನಿಂತಿದ್ದೇನೆ. ಒಳಗೆ ನೀವೇ ನೀರು ಸುರಿದುಕೊಳ್ಳುತ್ತಿರುವಂಥ ಸದ್ದು.

ನಾಳೆ ಹೌದು, ಅವರ ಆಸರೇಲೇ ಇದ್ದೆ ಎನ್ನಬೇಕು. ಅದು ಸುಳ್ಳೂ ಅಲ್ಲ. ಆದರೆ ನಿಮಗೆ ಹೇಳದ ಮಾತನ್ನು ಅವರಿಗೆ ಮೊದಲು ಹೇಗೆ ಹೇಳಲಿ? ಬೆಳಗಿನ ಜಾವದ ಕನಸಿಗೆ ಬಂದು, ನನ್ನ ಉತ್ತರವನ್ನು ಮೊದಲು ನೀವೇ ತೆಗೆದುಕೊಂಡು ಹೋಗಿ.