ಅಡುಗೆಮನೆಯಿಂದ ಹೊರಡುವ ಟೀ

ಮಾರ್ಚ್ 3, ಸೋಮವಾರ
ಗಂಟಲ ಟ್ಯೂಬ್ ತೊಳೆದಾಯಿತು. ಬ್ಯಾಂಡೇಜ್ ಬದಲಾಯಿತು. ಬಸ್ ಸ್ಟ್ಯಾಂಡಿನ ಮೈಕಿನಲ್ಲಿ ಊರೂರ ಹೆಸರು ಕೂಗಿದ ಗಂಟಲು... ಆಪರೇಷನ್ನಿನಲ್ಲಿ ದನಿಪೆಟ್ಟಿಗೆಯನ್ನೇ ತೆಗೆದರು. ಇನ್ನು ದನಿ ಬರುವುದಿಲ್ಲ. ಡಾಕ್ಟರು ಸುತ್ತಿ ಬಳಸಿ ಹೇಳಿದ್ದನ್ನು ನಾನು ನೇರವಾಗಿ ಬರೆದಿದ್ದೇನೆ, ಅಷ್ಟೇ.

ಮಗಳು ಫೋನಿಗೆ ಎಐ ಹಾಕಿಕೊಟ್ಟಳು. "ಎರಡು ಪದ ಹೊಡಿ ಸಾಕು ಅಪ್ಪ, ಪೂರ್ತಿ ವಾಕ್ಯ ಅದೇ ಬರೆದು ಅದೇ ಓದತ್ತೆ."

ಮಾರ್ಚ್ 5
ಆಸ್ಪತ್ರೆ. 'ನೋವು, ನುಂಗುವಾಗ' ಎಂದು ಹೊಡೆದೆ. ಎಲ್ಲಿ, ಯಾವಾಗಿನಿಂದ ಎಂದು ಫೋನು ನನ್ನನ್ನು ಕೇಳಿಕೊಂಡು, ಡಾಕ್ಟರಿಗೆ ಒಪ್ಪವಾಗಿ ಓದಿ ಹೇಳಿತು. ಮಾತ್ರೆ ಬದಲಾಯಿತು. ಯಂತ್ರವೋ ಏನೋ, ನನ್ನ ಪಾಲಿಗೆ ಪುಣ್ಯಾತ್ಮ!

ಮಾರ್ಚ್ 6, ಬೆಳಿಗ್ಗೆ
'ಟೀ' ಎಂದು ಹೊಡೆದೆ. ಫೋನು ಓದಿತು: "ನಿಮಗೆ ಬಿಡುವಾದಾಗ ದಯವಿಟ್ಟು ಒಂದು ಲೋಟ ಟೀ ಕೊಡುವಿರಾ? ತುಂಬಾ ಧನ್ಯವಾದಗಳು."

ಹೆಂಡತಿ ಫೋನನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. ಟೀ ತಂದಿಟ್ಟಳು. ಸಾಸರ್ ಬೇರೆ! ಮದುವೆಯಾದಾಗಿನಿಂದ ನನಗೆ ಸಾಸರ್ ಕೊಟ್ಟ ನೆನಪಿಲ್ಲ.

ಮಾರ್ಚ್ 14
ಮನೆಯಲ್ಲಿ ಜಗಳವೇ ಇಲ್ಲ. ಉಪ್ಪು ಕಮ್ಮಿ ಎಂದರೆ ಯಂತ್ರ "ಅಡುಗೆ ಸೊಗಸಾಗಿದೆ, ಚೂರು ಉಪ್ಪಿದ್ದರೆ..." ಎಂದು ಬೆಣ್ಣೆ ಹಚ್ಚುತ್ತದೆ. ಅವಳೂ "ಆಯ್ತು ರೀ" ಎಂದು ಒಳಗೆ ಹೋಗುತ್ತಾಳೆ.

ಇವತ್ತು ಫೋನಲ್ಲಿ ತಂಗಿಗೆ ಹೇಳುತ್ತಿದ್ದಳು: "ಎಲ್ಲಾ ಚೆನ್ನಾಗಿದೆ ಕಣೆ. ಆದ್ರೆ ಯಾರೋ ನೆಂಟರು ಬಂದು ಉಳ್ಕೊಂಡಂಗಿದೆ. ಬೈಯೋಕೂ ಜನ ಇಲ್ಲ."

ದನಿ ಹೋದಾಗಲೂ ಇಷ್ಟು ಅಳು ಬಂದಿರಲಿಲ್ಲ. ದಿನಾ ಬೆಳಿಗ್ಗೆ ಹಾಲ್‌ನಲ್ಲಿ ಕೂತು ಬಸ್ ಸ್ಟ್ಯಾಂಡ್ ದನಿಯಲ್ಲಿ ಕೂಗುತ್ತಿದ್ದೆನಲ್ಲ, ಟೀ ತಡವಾಗಿದೆ ಎಂದು. ಅವಳು ಒಳಗಿನಿಂದಲೇ ಬೈಯುತ್ತಿದ್ದಳು. ಅದೇ ನಮ್ಮ ಗುಡ್ ಮಾರ್ನಿಂಗ್. ಯಂತ್ರಕ್ಕೆ ಅದನ್ನು ಯಾರು ಹೇಳಿದ್ದರು, ಪಾಪ?

ಮಾರ್ಚ್ 15
ಎದ್ದವನೇ ಅದಕ್ಕೆ ಬರೆದೆ: "ಹೊರಗಿನವರಿಗೆ ನೀನು ಬರೆ. ಹೆಂಡತಿಗೆ ನಾನು ಬರೆದದ್ದನ್ನು ತಿದ್ದಬೇಡ." "ಸರಿ, ನೀವು ಬರೆದ ಹಾಗೇ ಓದುತ್ತೇನೆ" ಎಂದಿತು. ವಾದವಿಲ್ಲ, ಮುನಿಸಿಲ್ಲ.

ಒಂದೊಂದೇ ಅಕ್ಷರ ಕುಟ್ಟಿದೆ. ವಾಲ್ಯೂಮ್ ಪೂರ್ತಿ.

"ಪ್ರಯಾಣಿಕರ ಗಮನಕ್ಕೆ. ಅಡುಗೆಮನೆಯಿಂದ ಹೊರಡಬೇಕಾದ ಟೀ ಅರ್ಧ ಗಂಟೆ ತಡವಾಗಿದೆ. ಡ್ರೈವರಮ್ಮ ಎಲ್ಲಿದ್ದರೂ ಬರಬೇಕು."

ಪಾತ್ರೆ ಸದ್ದು ನಿಂತಿತು. ಆಮೇಲೆ—

"ಪ್ರಯಾಣಿಕರು ಬಾಯಿ ಮುಚ್ಕೊಂಡು ಕೂತ್ಕೋಬೇಕು!"

ಅಂದವಳೇ ಓಡಿ ಬಂದಳು. ಕೈ ಬಾಯ ಮೇಲೆ. "ಅಯ್ಯೋ, ಏನಂದ್ಬಿಟ್ಟೆ ರೀ..."

ನಾನು ನಗುತ್ತಿದ್ದೆ. ಸದ್ದಿಲ್ಲ, ಹೊಟ್ಟೆ ಮಾತ್ರ ಕುಣಿಯುತ್ತಿತ್ತು. ಅದನ್ನು ನೋಡಿ ಅವಳೂ ನಕ್ಕಳು, ಕಣ್ಣೊರೆಸಿಕೊಂಡಳು. ಒಲೆಯ ಮೇಲೆ ಟೀ ಉಕ್ಕಿ ಹೋಯಿತು.

ಮಾರ್ಚ್ 16
ಸಾಸರ್ ವಾಪಸ್ ಬೀರು ಸೇರಿದೆ. ಟೀ ಇನ್ನೂ ಬಂದಿಲ್ಲ. ಇವತ್ತು ಒಳಗಿನಿಂದ ಅವಳೇ ಅನೌನ್ಸ್ ಮಾಡುತ್ತಿದ್ದಾಳೆ. ಬೇಕಾದವರು ಬರೆಯೋದು ಬಿಟ್ಟು ಎದ್ದು ಬರಬೇಕಂತೆ, ಇಲ್ಲದಿದ್ದರೆ ಗಾಡಿ—