ಜಗ್ಗಿ ನೋಡದ ಕೊಂಡಿ

೧೮ ನವೆಂಬರ್ ೨೦೦೪, ಗುರುವಾರ. ಬಾಗಲಕೋಟೆ

ಕಣ್ಣು ಮುಚ್ಚಿದರೆ ಇಳಕಲ್ಲಿನ ಕೆಂಪು ಸೆರಗೊಂದು ತೇಲಿಬರುತ್ತಿದೆ. ಶೇಖವ್ವ ಅಲ್ಲಿಯ ನೇಕಾರಳು. ಸಣ್ಣ ತೂತುಗಳಿಂದ ಕರುಳಿನ ಗಡ್ಡೆ ತೆಗೆಯುವ ನನ್ನ ಸಂಶೋಧನೆಯಲ್ಲಿ ನಲವತ್ತನೆಯ ರೋಗಿ. ಸೋಮವಾರ ನಾನೇ ಆಪರೇಷನ್ ಮಾಡಿದೆ; ಗಡ್ಡೆಯಿದ್ದ ತುಂಡು ಕತ್ತರಿಸಿ ಕರುಳಿನ ಎರಡು ತುದಿ ಕೂಡಿಸಿದೆ. ಇವತ್ತು ರೌಂಡ್ಸಿಗೆ ಹೋದಾಗ ಕೇಳಿದಳು:

“ಸೀರಿ ಒಡಲಿಗೆ ಸೆರಗಿನ ಎಳಿ ಕೊಂಡಿ ಹಾಕಿ ಕೂಡಿಸಿದ ಮ್ಯಾಲ ನಾವು ಒಂದೊಂದಾಗಿ ಜಗ್ಗಿ ನೋಡ್ತೇವ್ರಿ. ನನ್ನ ಕರುಳು ಕೂಡಿಸಿ ನೀವೂ ಹಂಗ ನೋಡೀರಿಲ್ರೀ ಸಾಹೇಬ್ರ?”

“ಹೂಂ, ನೋಡೇನಿ ಯವ್ವಾ,” ಎಂದೆ.

ಸುಳ್ಳು. ಕೂಡಿಸಿದ ಕಡೆ ಸೋರದೆಂದು ತಿಳಿಯಲು ಕರುಳಿಗೆ ಗಾಳಿ ತುಂಬಿ, ನೀರಿನಲ್ಲಿ ಗುಳ್ಳೆ ಏಳುತ್ತದೆಯೇ ಎಂದು ನೋಡಬೇಕು. ಅಂದು ಕರೆಂಟು ಹೋಗಿ ಬಂದ ಗಡಿಬಿಡಿಯಲ್ಲಿ ಮರೆತೆ. ಆದರೂ ಸಂಶೋಧನೆಯ ಹಾಳೆಯಲ್ಲಿ, ಮೂವತ್ತೊಂಬತ್ತು ಸಲದ ರೂಢಿಯಂತೆ, ‘ನೋಡಿದೆ’ ಎಂದು ಬರೆದುಬಿಟ್ಟಿದ್ದೆ.

ಜ್ವರವಿಲ್ಲ. ಗಂಜಿ ಕುಡಿದಿದ್ದಾಳೆ. ಕೂಡಿಸಿದ್ದು ಗಟ್ಟಿಯಾಗಿಯೇ ಇರಬಹುದು. ಆದರೆ ಅರೆನಿದ್ದೆಯಲ್ಲಿ ಸಾವಿರಾರು ಎಳೆಗಳು ನನ್ನೆದುರು ಮೆಲ್ಲಗೆ ಅಲುಗುತ್ತವೆ. ಅವಳ ಬೆರಳು ಒಂದೊಂದನ್ನೇ ಜಗ್ಗುತ್ತಾ ನನ್ನ ಕಡೆಗೇ ಬರುತ್ತಿದೆ.

ಈಗ ಎದ್ದು ಹಾಳೆಯ ಆ ಮಾತನ್ನು ಹೊಡೆದು ಹಾಕಿ, ‘ನೋಡಲಿಲ್ಲ’ ಎಂದು ಬರೆದೆ. ಹಾಳೆಗೆ ಹೇಳುವುದು ಸುಲಭ. ಬೆಳಿಗ್ಗೆ ಶೇಖವ್ವನ ಮಂಚದ ಪಕ್ಕ ನಿಂತು, ‘ನಾ ಜಗ್ಗಿ ನೋಡಲಿಲ್ಲ ಯವ್ವಾ’ ಎಂದು ಅವಳಿಗೂ ಹೇಳಬೇಕು.